ಗುಂಪು ಬಿಟ್ಟು ಕೂತ ಚುಕ್ಕೆ

ಸುದ್ದಿ ಬಂದಾಗ ನನ್ನ ಮುಂದಿನ ಪ್ಲೇಟು ಅರ್ಧ ತುಂಬಿತ್ತು. ಪ್ಲೇಟೆಂದರೆ ಊಟದ್ದಲ್ಲ. ಅಂಗೈಯಗಲದ ಪ್ಲಾಸ್ಟಿಕ್ ಹಲಗೆ, ಅದರ ತುಂಬ ಪಡ್ಡಿನ ಹಂಚಿನಲ್ಲಿರುವಂಥ ಪುಟ್ಟ ಪುಟ್ಟ ಗುಣಿಗಳು. ಒಂದೊಂದು ಗುಣಿಗೂ ಒಬ್ಬೊಬ್ಬ ಹೆಂಗಸಿನ ರಕ್ತದ ತಿಳಿಯನ್ನು ತೊಟ್ಟು ತೊಟ್ಟಾಗಿ ಬಿಡುವುದು ನನ್ನ ಕೆಲಸ. ಸಹೋದ್ಯೋಗಿಯೊಬ್ಬಳು ಬಾಗಿಲಲ್ಲಿ ನಿಂತು ಮರಾಠಿಯಲ್ಲಿ "ಮ್ಯಾಡಮ್ ಗೇಲ್ಯಾ" ಎಂದಳು. ಹೋದರು ಎಂದು. ಪುಣೆಯಂಚಿನ ಕಾತ್ರಜದ ಮನೆಯಲ್ಲಿ ಬೆಳಿಗ್ಗೆ ಚಹಾ ಕುಡಿದು, ಇನ್ನೊಂದಿಷ್ಟು ಮಲಗುತ್ತೇನೆ ಎಂದವರು ಮತ್ತೆ ಏಳಲೇ ಇಲ್ಲವಂತೆ. ನಾನು ತಲೆಯಾಡಿಸಿ ಪ್ಲೇಟು ಮುಗಿಸಿದೆ. ಅರ್ಧಕ್ಕೆ ಬಿಟ್ಟು ಎದ್ದರೆ ಮೊದಲ ಸಾಲಿಗೂ ಕೊನೆಯ ಸಾಲಿಗೂ ಸಿಗುವ ಹೊತ್ತು ಬೇರೆಯಾಗಿ ಎಲ್ಲ ಹಾಳು. "ಮನಿ ಬಿದ್ರೂ ಪ್ಲೇಟ್ ಮುಗಿಸಿ ಏಳು, ತಂಗಿ" ಎಂದು ಕಲಿಸಿದವರು ಅವರೇ. ಆದ್ದರಿಂದ ನಾನು ಆ ಹೊತ್ತಿಗೆ ಅಳದೆ ಕೂತದ್ದಕ್ಕೆ ಅವರಿಗೆ ಬೇಸರವಾಗಿರಲಾರದು.

ಪ್ರಯೋಗಾಲಯದ ಎಲ್ಲರಿಗೂ ಅವರು ಮ್ಯಾಡಮ್. ನನಗೊಬ್ಬಳಿಗೆ ಅಕ್ಕೋರು. ನಮ್ಮ ಬೆಳಗಾವಿ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಹಾಗೆ ಕರೆಯುವುದು ರೂಢಿ. ಕೆಲಸಕ್ಕೆ ಸೇರಿದ ಮೊದಲ ದಿನ, ಇವರೂ ಧಾರವಾಡದವರೆಂದು ಗೊತ್ತಾಗಿ, ಹೆದರಿಕೆಯಲ್ಲಿ ನನ್ನ ಬಾಯಿಂದ ಆ ಮಾತು ಬಿತ್ತು. ಅವರು ಕನ್ನಡಕವನ್ನು ಹಣೆಯ ಮೇಲೆ ಸರಿಸಿ, ಎರಡು ಬೆರಳಿಂದ ರೆಪ್ಪೆ ಒತ್ತಿಕೊಳ್ಳುತ್ತ, ಭಾಳ ವರ್ಷ ಆಗಿತ್ತು ಹಂಗ ಯಾರರ ಕರದು ಎಂದರು. ಆ ರೆಪ್ಪೆ ಒತ್ತಿಕೊಳ್ಳುವುದನ್ನು ಆಮೇಲೆ ದಿನಾ ನೋಡಿದೆ. ನನ್ನ ನೆನಪಿನಲ್ಲಿರುವ ಅಕ್ಕೋರು ಯಾವಾಗಲೂ ದಣಿದವರೇ. ದಣಿವು ಅವರಿಗೆ ಕಾಯಿಲೆಯಲ್ಲ, ಸ್ವಭಾವ. ಮೀಟಿಂಗಿನಲ್ಲಿ ಕಣ್ಣು ತೆರೆದೇ ನಿದ್ದೆ ಮಾಡುವುದನ್ನು ಕಲಿತಿದ್ದರು. ಯಾರಾದರೂ ತಪ್ಪು ಹೇಳಿದರೆ ಮಾತ್ರ ಎಚ್ಚರವಾಗುತ್ತಿತ್ತು.

ಚಳಿಗಾಲದ ಬೆಳಿಗ್ಗೆ ಅವರನ್ನು ಹುಡುಕಬೇಕಾದರೆ ಕಚೇರಿಗೆ ಹೋಗಬಾರದು, ಡೀಪ್ ಫ್ರೀಜರುಗಳ ಕೋಣೆಗೆ ಹೋಗಬೇಕು. ಒಳಗೆ ಎಲುಬು ಒಡೆಯುವ ಚಳಿ ಇಟ್ಟುಕೊಂಡಿರುವ ಆ ಕಪಾಟುಗಳ ಬೆನ್ನಿನಿಂದ ಬಿಸಿಗಾಳಿ ಬರುತ್ತದೆ. ಅಕ್ಕೋರು ಅಲ್ಲಿ ಗೋಡೆಗೂ ಫ್ರೀಜರಿಗೂ ನಡುವೆ ತೂರಿ, ನೋಯುವ ಸೊಂಟವನ್ನು ಆ ಗಾಳಿಗೊಡ್ಡಿ, ಕಣ್ಣು ಮುಚ್ಚಿ ನಿಂತಿರುತ್ತಿದ್ದರು. ಹೊಸಬರು ಕಂಡು ಗಾಬರಿಯಾಗುತ್ತಿದ್ದರು. ಸಂಶೋಧನೆಯಿಂದ ನನಗಾದ ಖಾತ್ರಿ ಲಾಭ ಇದೊಂದೇ ಎಂದು ಅವರೇ ಹೇಳಿಕೊಳ್ಳುತ್ತಿದ್ದರು.

ಅವರು ಆಯುಷ್ಯವಿಡೀ ಕೇಳಿದ್ದು ಒಂದೇ ಪ್ರಶ್ನೆ. ಮೈಗೆ ಮುಳ್ಳು ಚುಚ್ಚಿದರೆ ಸಹಿಸದ, ಇನ್ನೊಬ್ಬರ ಮೂತ್ರಪಿಂಡ ಹಾಕಿದರೆ ಒಪ್ಪದ ಹೆಂಗಸಿನ ದೇಹ, ಅರ್ಧ ಗಂಡನದಾದ ಕೂಸನ್ನು ಒಂಬತ್ತು ತಿಂಗಳು ಹೇಗೆ ಇಟ್ಟುಕೊಳ್ಳುತ್ತದೆ? ಕೆಲವೊಮ್ಮೆ ಯಾಕೆ ಇಟ್ಟುಕೊಳ್ಳುವುದಿಲ್ಲ? ಉತ್ತರ ಹುಡುಕಿ ಅವರು ಹೋಗುತ್ತಿದ್ದುದು ಹೆರಿಗೆ ಆಸ್ಪತ್ರೆಗಳಿಗೆ. ಹೆತ್ತವರ ಒಪ್ಪಿಗೆ ಪಡೆದು, ಕೂಸಿನ ಹಿಂದೆ ಬೀಳುವ ಮಾಸನ್ನು ಐಸಿನ ಡಬ್ಬಿಯಲ್ಲಿ ಇಟ್ಟುಕೊಂಡು ಬರುವುದು. ಸಂಸ್ಥೆಯ ಗಾಡಿ ಬೇಕಾದಾಗ ಸಿಗುತ್ತಿರಲಿಲ್ಲ, ಮಾಸು ಕಾಯುವುದಿಲ್ಲ. ಹಾಗಾಗಿ ರಿಕ್ಷಾ.

ಒಮ್ಮೆ ಶ್ರಾವಣದಲ್ಲಿ ನಾವಿಬ್ಬರೂ ಡಬ್ಬಿ ಹಿಡಿದು ಪುಣೆಯ ಕ್ಯಾಂಪ್ ಪೇಟೆಯಲ್ಲಿ ರಿಕ್ಷಾ ಹತ್ತಿದೆವು. ಮೀನು ಸಾಗಿಸುವ ಡಬ್ಬಿಯಂತೆಯೇ ಕಾಣುತ್ತಿತ್ತು. ರಿಕ್ಷಾದವನು ಹಣೆಗೆ ವಿಠೋಬನ ಭಕ್ತರ ಕರಿ ಬುಕ್ಕಾ ಹಚ್ಚಿಕೊಂಡ ಮನುಷ್ಯ, ಶ್ರಾವಣದಲ್ಲಿ ನನ್ನ ಗಾಡಿಯಲ್ಲಿ ಮೀನು ಬೇಡ, ಇಳಿಯಿರಿ ಎಂದ. ನಾನು ಔಷಧಿ ಎಂದು ಸುಳ್ಳು ಹೇಳಲು ಬಾಯಿ ತೆರೆದಿದ್ದೆ. ಅಕ್ಕೋರು ಸಾವಧಾನವಾಗಿ ಮರಾಠಿಯಲ್ಲಿ, ಮೀನಲ್ಲ ದಾದಾ, ಈಗ ತಾನೇ ಹಡೆದವಳ ಮಾಸು, ಮುಂದೆ ಯಾರದೋ ಬಸಿರು ಉಳಿಯಲಿ ಎಂದು ನೋಡಲು ಒಯ್ಯುತ್ತಿದ್ದೇವೆ ಎಂದರು. ಅವನು ತಿರುಗಿ ಡಬ್ಬಿಯನ್ನು ನೋಡಿದ. ಎದೆ ಮುಟ್ಟಿಕೊಂಡು, ರಸ್ತೆಯಲ್ಲಿ ಗುಂಡಿಗಳಿದ್ದ ಕಡೆಯೆಲ್ಲ ಗಾಡಿಯನ್ನು ಮೆಲ್ಲಗೆ ಓಡಿಸುತ್ತ ತಂದು ಬಿಟ್ಟ. ಸುಳ್ಳು ಹೇಳುವುದಕ್ಕೆ ಕಷ್ಟ ಜಾಸ್ತಿ, ನೆನಪಿಟ್ಟುಕೊಳ್ಳಬೇಕು, ನನಗೆ ಅಷ್ಟು ಶಕ್ತಿ ಇಲ್ಲ ಎಂದು ಇಳಿದ ಮೇಲೆ ಅಕ್ಕೋರು ಹೇಳಿದರು. ಇದನ್ನು ಇಲ್ಲಿ ಬರೆದದ್ದಕ್ಕೆ ಕಾರಣವಿದೆ, ಮುಂದೆ ಬರುತ್ತದೆ.

ನಮ್ಮ ವಿದ್ಯೆಯ ಪುಸ್ತಕಗಳಲ್ಲಿ ಎಲ್ಲವೂ ಯುದ್ಧ. ರಕ್ಷಣೆ, ದಾಳಿ, ಶತ್ರು. ಅಕ್ಕೋರಿಗೆ ಆ ಭಾಷೆ ಕೇಳಿದರೆ ಮೈ ಉರಿಯುತ್ತಿತ್ತು. ಜೀವಕೋಶಗಳು ಒಂದಕ್ಕೊಂದು ಸಣ್ಣ ಸಣ್ಣ ಪ್ರೋಟೀನುಗಳನ್ನು ಕಳಿಸುತ್ತವೆ, ಸೈಟೊಕೈನು ಎನ್ನುತ್ತಾರೆ. ಅದನ್ನು ಹಿಡಿಯಲು ಎದುರಿನ ಕೋಶದ ಮೈಮೇಲೆ ಗ್ರಾಹಕಗಳಿರುತ್ತವೆ. ಅಕ್ಕೋರ ಲೆಕ್ಕದಲ್ಲಿ ಒಂದು ಮಾತು, ಇನ್ನೊಂದು ಕಿವಿ. ಕೂಸು ಗರ್ಭದ ಗೋಡೆ ಹಿಡಿಯುವಾಗ ಅಲ್ಲಿ ಸ್ವಲ್ಪ ಉರಿಯೂತ ಬೇಕು, ಹಿಡಿದ ಮೇಲೆ ಅದು ಆರಬೇಕು, ಹೆರಿಗೆಯ ಹೊತ್ತಿಗೆ ಮತ್ತೆ ಏಳಬೇಕು. "ಬಾ ಅನ್ನೂದೂ ಅದ, ಹೋಗು ಅನ್ನೂದೂ ಅದ. ಯಾವಾಗ ಅಂದ್ರು, ಕೇಳಾವ್ರು ಯಾರಿದ್ರು, ಅದನ್ನ ನೋಡಬೇಕು" ಎನ್ನುತ್ತಿದ್ದರು. ರಕ್ತದಲ್ಲಿ ಸೈಟೊಕೈನು ಅಳೆದು ಗರ್ಭದ ಸುದ್ದಿ ಹೇಳುವುದೆಂದರೆ, ಕಾತ್ರಜದ ಹೆದ್ದಾರಿಯಲ್ಲಿ ನಿಂತು ಹಾರ್ನು ಕೇಳಿ ಒಳಗಿನ ಓಣಿಯ ಮನೆಯಲ್ಲಿ ಗಂಡ ಹೆಂಡತಿ ಏನು ಮಾತಾಡುತ್ತಿದ್ದಾರೆಂದು ಹೇಳಿದ ಹಾಗೆ ಎಂಬುದು ಅವರ ದೊಡ್ಡ ದೂರು. ಹಾಗಾದರೆ ನಾವು ರಕ್ತ ಯಾಕೆ ಅಳೆಯುತ್ತೇವೆಂದು ಕೇಳಿದರೆ, ಒಳಗೆ ಯಾರೂ ಬಿಡುವುದಿಲ್ಲವಲ್ಲ, ಹೆದ್ದಾರಿಯಲ್ಲಾದರೂ ನಿಲ್ಲೋಣ ಎಂದು ನಗುತ್ತಿದ್ದರು.

ಅವರಿಗೆ ಒಬ್ಬ ಮಗ. "ಅಂವಾ ಹುಟ್ಟಿದಾಗ ನನಗ ಈ ವಿಷಯದಾಗ ಏನೂ ಗೊತ್ತಿರಲಿಲ್ಲ, ಅದಕ್ಕ ಆರಾಮ ಹುಟ್ಟಿದ" ಎನ್ನುತ್ತಿದ್ದರು.

ಬಸಿರು ನಿಲ್ಲದ ಹೆಂಗಸರ ರಕ್ತವನ್ನು ಹೋಲಿಸಲು, ತೊಂದರೆಯಿಲ್ಲದೆ ಹಡೆದವರ ರಕ್ತವೂ ಬೇಕು. ಇವರನ್ನು ನಾವು ಸಹಜ ಗುಂಪು ಎನ್ನುತ್ತೇವೆ. ಆ ಗುಂಪಿಗೆ ಎಂದೂ ಬರಗಾಲ. ಆರಾಮಿದ್ದವರು ಯಾರು ಸೂಜಿ ಚುಚ್ಚಿಸಿಕೊಳ್ಳಲು ಬರುತ್ತಾರೆ? ಹಾಗಾಗಿ ಇಂಥ ಪ್ರಯೋಗಾಲಯಗಳಲ್ಲಿ ಒಂದು ಪದ್ಧತಿ ಬೆಳೆದಿತ್ತು. ಇಲ್ಲೇ ಕೆಲಸ ಮಾಡುವ, ಒಂದು ಮಗು ಹೆತ್ತ ಹೆಂಗಸು ಕಂಡರೆ ಅವಳ ತೋಳು ಹಿಡಿಯುವುದು. ನನಗೆ ಮಗಳು ಹುಟ್ಟಿ ವರ್ಷವಾಗುತ್ತಲೇ ನಾನೂ ಒಪ್ಪಿ ಸಹಿ ಹಾಕಿ ತೋಳು ಚಾಚಿದೆ. ಆಮೇಲೂ ಆಗಾಗ ಚಾಚುತ್ತಿದ್ದೆ. "ನಾರ್ಮಲ್ ಬಂದಳು" ಎಂದು ಕಾರಿಡಾರಿನಲ್ಲಿ ನನ್ನನ್ನು ಚೇಷ್ಟೆ ಮಾಡುತ್ತಿದ್ದರು. ನಳಿಗೆಯ ಮೇಲೆ ಹೆಸರಿರುವುದಿಲ್ಲ, ಸಂಕೇತ ಮಾತ್ರ. ಯಾವ ಸಂಕೇತ ಯಾರದು ಎಂಬುದು ಅಕ್ಕೋರೊಬ್ಬರಿಗೇ ಗೊತ್ತು.

ಆ ಸಹಜ ಗುಂಪಿನಲ್ಲಿ ಒಂದು ಹಾಳು ಚುಕ್ಕೆ ಇತ್ತು. ಉರಿಯೂತ ಎಬ್ಬಿಸುವ ಒಂದು ಸೈಟೊಕೈನನ್ನು ಅಳೆದು ನಕ್ಷೆ ಬರೆದರೆ ಎಲ್ಲ ಚುಕ್ಕೆಗಳೂ ಕೆಳಗೆ ಒಟ್ಟಾಗಿ ಕೂರುತ್ತಿದ್ದವು, ಇದೊಂದು ಮಾತ್ರ ಗುಂಪು ಬಿಟ್ಟು ಮೇಲೆ ಹೋಗಿ ಕೂರುತ್ತಿತ್ತು. ಅಳತೆ ತಪ್ಪಿರಬೇಕೆಂದು ನನಗೆ ಮತ್ತೆ ಮಾಡಲು ಹೇಳಿದರು. ಮಾಡಿದೆ. ಮತ್ತೆ ಮೇಲೆ. ಕಿಟ್ಟು ಬದಲಾಯಿಸಿದೆವು, ಪಿಪೆಟ್ಟು ರಿಪೇರಿಗೆ ಕಳಿಸಿದೆವು, ಫ್ರೀಜರನ್ನು ಅನುಮಾನಿಸಿದೆವು. ಆ ನಳಿಗೆಯನ್ನು ಬೈಯುತ್ತ ಎಷ್ಟು ಸಲ ಅಳೆದೆನೋ. ಯಾರ ರಕ್ತವೋ ಏನೋ, ಜ್ವರ ಬಂದವಳನ್ನು ಹಿಡಿದು ತಂದಿರಬೇಕು ಎಂದೆ. ಅದೊಂದನ್ನು ತೆಗೆದು ಬಿಟ್ಟರೆ ನಮ್ಮ ಫಲಿತಾಂಶ ಎಷ್ಟು ಚೊಕ್ಕಟವಾಗುತ್ತದೆಂದು ಎಲ್ಲರೂ ಹೇಳಿದೆವು. ಅಕ್ಕೋರು ತೆಗೆಯಲಿಲ್ಲ. ಚುಕ್ಕಿ ಅಲ್ಲ ಅದು, ಒಬ್ಬಾಕಿ ಹೆಣ್ಣುಮಗಳು, ಇರ್ಲಿ ಎಂದರು. ಲೇಖನ ಚೊಕ್ಕಟವಾಗಲಿಲ್ಲ, ದೊಡ್ಡ ಪತ್ರಿಕೆಗಳು ವಾಪಸು ಕಳಿಸಿದವು.

ಆಮೇಲೆ ನನ್ನ ಬಸಿರು ನಿಲ್ಲುವುದು ತಪ್ಪಿತು. ಮೊದಲ ಸಲ ಹೋದಾಗ, ಒಂದು ಹೋಗುವುದು ಎಲ್ಲರಿಗೂ ಆಗುತ್ತದೆ ಎಂದು ನಾನೇ ಸಮಾಧಾನ ಹೇಳಿಕೊಂಡೆ. ಇನ್ನೊಂದು ಹೋದ ಮೇಲೆ ಆ ಸಮಾಧಾನ ಒಳಗಿಳಿಯಲಿಲ್ಲ. ಕೆಲಸಕ್ಕೆ ಮರಳಿದಾಗ ಯಾರೂ ನಾರ್ಮಲ್ ಬಂದಳು ಎನ್ನಲಿಲ್ಲ. ತೋಳನ್ನೂ ಕೇಳಲಿಲ್ಲ. ನಿಯಮದ ಪ್ರಕಾರ ನಾನಿನ್ನು ಆ ಗುಂಪಿನವಳಲ್ಲ. ಇಷ್ಟು ವರ್ಷ ಇನ್ನೊಬ್ಬರ ನೋವನ್ನು ತೊಟ್ಟು ಲೆಕ್ಕದಲ್ಲಿ ಅಳೆದವಳಿಗೆ, ತನ್ನ ಮೈಯಲ್ಲೇ ಏನು ತಪ್ಪಿದೆ ಎಂದು ತಿಳಿಯಬೇಕೆನ್ನುವುದು ಬಿಟ್ಟರೆ ಬೇರೆ ಯೋಚನೆ ಇರಲಿಲ್ಲ.

ಮನೆಯಲ್ಲಿ ನಮ್ಮ ಅತ್ತೆ. ಕ್ಯಾಂಪಿನಲ್ಲಿ ಮಾವನವರ ಬಟ್ಟೆ ಅಂಗಡಿ ನಡೆಯುತ್ತಿದ್ದ ಕಾಲದಿಂದ ಪುಣೆಯಲ್ಲಿದ್ದವರು, ಮಾತು ಖಡಕ್ಕು, ಕೈ ಉದಾರ. ಅವರಿಗೆ ಯಾರೋ ಒಂದು ಕ್ಲಿನಿಕ್ಕಿನ ಸುದ್ದಿ ಹೇಳಿದರು. ಹೋದೆವು. ಗಾಜಿನ ಗೋಡೆ, ಮೆತ್ತನೆಯ ಸೋಫಾ. ರಕ್ತ ಪರೀಕ್ಷೆಯ ವರದಿ ಬಂತು, ಅದರಲ್ಲಿ ನಮ್ಮ ಅದೇ ಸೈಟೊಕೈನು, ಕೆಂಪು ಅಕ್ಷರದಲ್ಲಿ, ಮಿತಿಗಿಂತ ಮೇಲೆ. ಅಲ್ಲಿನ ಡಾಕ್ಟರು ನಯವಾಗಿ, ನಿಮ್ಮ ದೇಹವೇ ಮಗುವಿನ ಮೇಲೆ ದಾಳಿ ಮಾಡುತ್ತಿದೆ ಎಂದರು. ಉಪಾಯವಾಗಿ ಹಾಲಿನಂಥ ಬಿಳಿ ದ್ರವದ ಸಲೈನು, ಬಸಿರಾದ ಕೂಡಲೇ ಶುರು ಮಾಡಿ ಮತ್ತೆ ಮತ್ತೆ ಏರಿಸಬೇಕು. ಅತ್ತೆ ಅಲ್ಲೇ ಹೂಂ ಎಂದುಬಿಟ್ಟರು. ನನ್ನ ಗಂಡ ನನ್ನ ಮುಖ ನೋಡಿದರು. ನಾನು ಕೇಳಿ ಹೇಳುತ್ತೇನೆ ಎಂದೆ. ಯಾರನ್ನು ಕೇಳುತ್ತೇನೆಂದು ಮೂವರಿಗೂ ಗೊತ್ತಿತ್ತು.

ಅಕ್ಕೋರು ಫ್ರೀಜರಿನ ಹಿಂದೆ ನಿಂತಿದ್ದರು. ವರದಿಯನ್ನು ಅಲ್ಲೇ ಓದಿದರು. ಕನ್ನಡಕ ಹಣೆಗೇರಿತು, ರೆಪ್ಪೆ ಒತ್ತಿಕೊಂಡರು. ಕಣ್ಣು ಮುಚ್ಚಿ ಗೋಡೆಗೆ ಒರಗಿದರು. ಮಲಗಿಬಿಟ್ಟರೇನೋ ಎಂದುಕೊಂಡೆ.

"ಸಹಜ ಗುಂಪಿನಾಗ ಮ್ಯಾಲೆ ಹೋಗಿ ಕುಂದರತಿತ್ತಲ್ಲ ಒಂದು ಚುಕ್ಕಿ, ನೀ ಬೈತಿದ್ದಿ. ನೆನಪದ ಏನು?"

"ಹೌದ್ರಿ."

"ಅದು ನೀನ, ತಂಗಿ."

ನನ್ನ ರಕ್ತವನ್ನು ನಾನೇ ಅಳೆದು, ನಾನೇ ಬೈದು, ತೆಗೆದು ಎಸೆಯಿರೆಂದು ನಾನೇ ಹೇಳಿದ್ದೆ. ನಗು ಬಂತು, ಅದರ ಹಿಂದೆಯೇ ಅಳು. ಅಕ್ಕೋರು ಆವರೆಗೆ ಯಾರ ಸಂಕೇತವನ್ನೂ ಬಾಯಿ ಬಿಟ್ಟು ಹೇಳಿದವರಲ್ಲ.

"ಮಗಳನ್ನ ಹಡದು ಆರಾಮ ಅಡ್ಡಾಡತಿದ್ದಾಗಿಂದ ನಿನ್ನ ರಕ್ತದಾಗ ಇದು ಹಿಂಗ ಅದ. ಇದನ್ನ ಹಿಡಿಯೋ ಗ್ರಾಹಕಗಳೂ ನಿನ್ನ ರಕ್ತದಾಗ ಬಿಚ್ಚಿ ತೇಲತಾವ, ಅವೂ ಭಾಳ ಅವ, ಮಾತು ಕೋಶಕ್ಕ ಮುಟ್ಟೂಕಿಂತ ಮೊದಲ ಹಿಡದು ಇಟ್ಕೋತಾವ. ಈ ಅಂಕಿ ತೋರಿಸಿ ನಿನ್ನ ಮೈ ಕೂಸಿಗೆ ವೈರಿ ಅಂತ ಯಾರರ ಅಂದ್ರ ನಂಬಬ್ಯಾಡ."

ಹಾಗಾದರೆ ಯಾಕೆ ನಿಲ್ಲುತ್ತಿಲ್ಲ ಎಂದು ಕೇಳಿದೆ. ಗೊತ್ತಿಲ್ಲ ಎಂದರು. ಆ ಸಲೈನು ಹಾಕಿಸಿಕೊಳ್ಳಲೋ ಬೇಡವೋ ಎಂದೆ. ಉಪಯೋಗ ಅದ ಅನ್ನಲಿಕ್ಕೆ ನನ್ನ ಹತ್ತರ ಆಧಾರ ಇಲ್ಲ, ಬ್ಯಾಡ ಅನ್ನಲಿಕ್ಕೆ ನಾ ನಿನ್ನ ಡಾಕ್ಟರ್ ಅಲ್ಲ, ನಿರ್ಧಾರ ನಿಂದು ಎಂದರು. ನನಗೆ ಸಿಟ್ಟು ಬಂತು. ತಲೆ ನರೆಯುವವರೆಗೆ ಓದಿದವರು ಒಂದು ಹೌದು, ಒಂದು ಅಲ್ಲ ಹೇಳಲಾರರೆ? ಮುಖ ತಿರುಗಿಸಿಕೊಂಡು ಬಂದೆ. ಆದರೂ ಆ ರಾತ್ರಿ ಬಹಳ ದಿನಗಳ ಮೇಲೆ ನಿದ್ದೆ ಬಂತು. ನನ್ನ ಮೈ ನನಗೆ ವಾಪಸು ಸಿಕ್ಕಂತಾಗಿತ್ತು. ಸಲೈನು ಬೇಡವೆಂದು ಮನೆಯಲ್ಲಿ ಹೇಳಿದವಳು ನಾನೇ.

ಮುಂದಿನದೂ ನಿಲ್ಲಲಿಲ್ಲ. ಈ ಸಲ ಹೆಸರಿಡುವಷ್ಟು ದೂರ ಬಂದು ಹೋಯಿತು. ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ. ಅತ್ತೆ ಅಡುಗೆಮನೆಯಲ್ಲಿ ಪಾತ್ರೆಗಳೊಂದಿಗೆ ಮಾತಾಡಿದರು, ನನಗೆ ಕೇಳಿಸಲೆಂದೇ. ಹಾಲಿನಂಥ ಔಷಧ, ಎಲ್ಲರೂ ತಗೋತಾರೆ, ಈಕೆಗೆ ಮಾತ್ರ ಶಾಸ್ತ್ರ ಹೆಚ್ಚಾಯಿತು, ಕೈಯಾರೆ ಕಳೆದುಕೊಂಡಳು. ಹೀಗೇ ಕೆಲ ದಿನ ನಡೆದಿದ್ದರೆ ಆ ಮನೆಯಲ್ಲಿ ನಾನು ಉಳಿಯುತ್ತಿರಲಿಲ್ಲ. ಮಗಳನ್ನು ಕರೆದುಕೊಂಡು ಬೆಳಗಾವಿಗೆ ಹೋಗುವುದೆಂದು ಒಳಗೊಳಗೇ ನಿಶ್ಚಯಿಸಿದ್ದೆ.

ಅಷ್ಟರಲ್ಲಿ ಒಂದು ಸಂಜೆ ಅಕ್ಕೋರು ಬಂದರು, ಸಿಟಿ ಬಸ್ಸಿನಲ್ಲಿ, ಕೈಯಲ್ಲಿ ಖಾಲಿ ಊಟದ ಡಬ್ಬಿ. ನನ್ನ ಹತ್ತಿರ ಬರಲಿಲ್ಲ. ನೇರ ಅತ್ತೆಯ ಎದುರು ಚಾಪೆಯ ಮೇಲೆ ಕೂತರು. ಅತ್ತೆ ಚಹಾ ಇಟ್ಟರು. ಕುಡಿದು ಮುಗಿಸಿ ಕಪ್ಪು ಕೆಳಗಿಟ್ಟ ಮೇಲೆ ಮಾತು. ಒಳಕೋಣೆಯಿಂದ ನನಗೆ ಪ್ರತಿ ಅಕ್ಷರ ಕೇಳಿಸಿತು.

"ಆ ಸಲೈನ್ ತಗೋಬ್ಯಾಡ ಅಂತ ನಿಮ್ಮ ಸೊಸಿಗೆ ಹೇಳಿದಾಕಿ ನಾನ್ರಿ. ಆಕಿ ತಗೋತೀನಿ ಅಂದ್ಲು, ನಾನ ಬಿಡಲಿಲ್ಲ. ತಪ್ಪಿದ್ರ ನಂದು, ಆಕೀದಲ್ಲ."

ನಾನು ಎದ್ದು ಕೂತೆ. ರಿಕ್ಷಾದವನಿಗೂ ಸುಳ್ಳು ಹೇಳದ, ತನಗೆ ಗೊತ್ತಿರುವುದಕ್ಕಿಂತ ಒಂದು ಅಕ್ಷರ ಹೆಚ್ಚು ಆಡದ ಹೆಂಗಸು, ನಮ್ಮ ಮನೆಯ ಚಾಪೆಯ ಮೇಲೆ ಕೂತು ಕಣ್ಣಲ್ಲಿ ಕಣ್ಣಿಟ್ಟು ಸುಳ್ಳು ಹೇಳುತ್ತಿದ್ದರು. ಹೊರಗೆ ಬಂದು ಅಲ್ಲಗಳೆಯುವ ಶಕ್ತಿ ನನ್ನಲ್ಲಿರಲಿಲ್ಲ. ಅತ್ತೆ ಅವರನ್ನು ಬೈದರು, ಜೋರಾಗಿಯೇ. ಓದಿದವರ ಸೊಕ್ಕು ಎಂದರು, ನಿಮಗೇನು ನಿಮ್ಮದು ಪ್ರಯೋಗ ಎಂದರು. ಅಕ್ಕೋರು ತಲೆ ತಗ್ಗಿಸಿ ಕೇಳಿಸಿಕೊಂಡು, ಬಸ್ಸಿನ ಹೊತ್ತಾಯಿತೆಂದು ಎದ್ದು ಹೋದರು.

ಅಂದಿನಿಂದ ಅತ್ತೆಯ ಸಿಟ್ಟು ದಾರಿ ಬದಲಾಯಿಸಿತು. ನನಗೆ ಬಿಸಿ ಅನ್ನ, ತುಪ್ಪ, ಕಾಲಿಗೆ ಎಣ್ಣೆ. ಶಾಪವೆಲ್ಲ ಕಾತ್ರಜದ ಕಡೆಗೆ. ವರ್ಷಕ್ಕೊಮ್ಮೆ ಅಕ್ಕೋರು ಊರಿಗೆ ಹೋಗಿ ಬಂದಾಗ ಧಾರವಾಡ ಪೇಡೆ ಕೊಟ್ಟು ಕಳಿಸುತ್ತಿದ್ದರು. ಅತ್ತೆ ಡಬ್ಬಿಯನ್ನು ಪಕ್ಕದ ಮನೆಗೆ ಕೊಡುತ್ತಿದ್ದರು, ಬಾಯಿಗಿಡುತ್ತಿರಲಿಲ್ಲ. ನಾನು ಒಮ್ಮೆ ಅಕ್ಕೋರ ಎದುರು ಆ ಸುಳ್ಳಿನ ಮಾತೆತ್ತಿದೆ. ಯಾವ ಸುಳ್ಳು ಎಂದು ರೆಪ್ಪೆ ಒತ್ತಿಕೊಂಡರು. ಮತ್ತೆ ನಾನು ಎತ್ತಲಿಲ್ಲ. ನಮಗೆ ಮಗಳೊಬ್ಬಳೇ ಉಳಿದಳು. ಯಾಕೆ ಎಂಬುದು ಇಂದಿಗೂ ಗೊತ್ತಿಲ್ಲ. ಗೊತ್ತಿಲ್ಲ ಎಂಬುದರ ಜೊತೆ ಬದುಕುವುದು ರೂಢಿಯಾಗಿದೆ.

ನಿವೃತ್ತಿಯ ದಿನ ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು ಭಾಷಣಗಳಾದವು. ಅಕ್ಕೋರು ಕಣ್ಣು ತೆರೆದೇ ನಿದ್ದೆ ಮಾಡಿದರು. ಅವರ ಸರದಿ ಬಂದಾಗ ಎದ್ದು, ನಾನು ಬಂದಾಗ ಇದ್ದ ಪ್ರಶ್ನೆ ಇನ್ನೂ ಇಲ್ಲೇ ಅದ, ಸಂಭಾಳಿಸ್ರಿ ಎಂದು ಕೂತುಬಿಟ್ಟರು. ಮನೆಗೆ ಹೊರಡುವಾಗ ಫ್ರೀಜರಿನ ಕೋಣೆಗೆ ಹೋಗಿ ಸ್ವಲ್ಪ ಹೊತ್ತು ಸೊಂಟ ಕಾಯಿಸಿಕೊಂಡರು. ಆಮೇಲೆ ಅವರನ್ನು ನೋಡಲು ಕಾತ್ರಜಕ್ಕೆ ಹೋದಾಗಲೆಲ್ಲ, ಅಂಥ ಬಿಸಿ ಇಲ್ಲಿಲ್ಲ ಎಂದು ಹೇಳುತ್ತಿದ್ದರು.

ಪ್ಲೇಟು ಮುಗಿಸಿ, ಕಾತ್ರಜಕ್ಕೆ ಹೋಗಿ, ಅವರ ಕಾಲು ಮುಟ್ಟಿ ಸಂಜೆ ಮನೆಗೆ ಬಂದೆ. ಸ್ನಾನಕ್ಕೆ ಹೋದರೆ ಅತ್ತೆ ಯಾಕೆಂದು ಕೇಳುತ್ತಾರೆಂದು, ಹೊರಗಿನ ನಲ್ಲಿಯಲ್ಲಿ ಕೈಕಾಲು ಮಾತ್ರ ತೊಳೆದೆ. ಅತ್ತೆಗೆ ಈಗ ಕಣ್ಣು ಮಂಜು, ಬಾಗಿಲ ಬಳಿ ಕುರ್ಚಿಯಲ್ಲಿ ಕೂತೇ ಇರುತ್ತಾರೆ. ಹೇಳಲೋ ಬೇಡವೋ ಎಂದು ನಿಂತು, ಕೊನೆಗೆ, ಅಕ್ಕೋರು ಹೋದರು ಎಂದೆ. ಒಂದು ಕಟು ಮಾತಿಗೆ ಸಿದ್ಧಳಾಗಿದ್ದೆ. ಅವರು ಕುರ್ಚಿಯ ಕೈ ಹಿಡಿದು ಎದ್ದರು. ತನಗೆ ಸ್ನಾನಕ್ಕೆ ನೀರು ಬಿಡು, ತಲೆ ಮೇಲೆ ಹಾಕಿಕೊಳ್ಳಬೇಕು ಎಂದರು. ಸಾವಿನ ಸುದ್ದಿ ಕೇಳಿ ತಲೆಸ್ನಾನ ಮಾಡುವುದು ನಮ್ಮಲ್ಲಿ ಬಳಗದವರು ಹೋದರೆ ಮಾತ್ರ.

"ಅವರು ನಮಗೇನೂ ಆಗಬೇಕಿಲ್ಲಲ್ರಿ, ಅತ್ಯಾ" ಎಂದೆ.

"ಆ ಸಲೈನ್ ಬ್ಯಾಡ ಅಂತ ಅವರು ನಿನಗ ಹೇಳಿರಲಿಲ್ಲ. ಅವತ್ತ ನನಗ ತಿಳದಿತ್ತು, ನಿನ್ನ ಬಾಯಿಲೆ ಅವರ ಸುದ್ದಿ ಎಷ್ಟು ಕೇಳಿದ್ದೆ, ಹಂಗ ಖಡಾಖಡಿ ಮಾತಾಡೋ ಬಾಯಿ ಅಲ್ಲ ಅದು. ನನಗ ಯಾರ ಮ್ಯಾಲರ ಸಿಟ್ಟು ಮಾಡಬೇಕಿತ್ತು. ನಿನ್ನ ಮ್ಯಾಲೆ ಮಾಡಿದ್ರ ಮನಿ ಒಡೀತಿತ್ತು. ಅವರು ತಮ್ಮ ಮ್ಯಾಲೆ ಹಾಕ್ಕೊಂಡ್ರು, ನಾ ಹಾಕಿದೆ."

ಗೋಡೆ ಸವರಿಕೊಂಡು ಬಚ್ಚಲಿಗೆ ನಡೆದರು. ನಾನು ಗೀಜರು ಹಾಕಿ, ಬಕೆಟ್ಟು ತುಂಬಿಸಿ, ಸ್ಟೂಲು ಇಟ್ಟುಕೊಟ್ಟೆ. ಒಳಗೆ ನೀರು ಬೀಳುವ ಸದ್ದು ಬಹಳ ಹೊತ್ತು ಬರುತ್ತಿತ್ತು. ಅವರು ಹೊರಗೆ ಬಂದ ಮೇಲೆ ನಾನೂ ಒಳಗೆ ಹೋಗಿ, ಅದೇ ಸ್ಟೂಲಿನ ಮೇಲೆ ಕೂತು, ತಲೆಯ ಮೇಲೆ ನೀರು ಹಾಕಿಕೊಂಡೆ.